ಮಂಜಣ್ಣನ ಮೈಕು ಸುಮ್ಮನಾದಾಗ

ಈಗಷ್ಟೇ ಮಂಜಣ್ಣನ ಆಟೋ ನಮ್ಮ ಆಫೀಸಿನ ಕೆಳಗೆ ಹಾದುಹೋಯಿತು, ನೋಡಿ. ತಲೆಯ ಮೇಲೆ ಮೈಕು ಕಟ್ಟಿಕೊಂಡು ಬೈಂದೂರಿಗೆಲ್ಲ ಸುದ್ದಿ ಸಾರುವ ಆಟೋ ಅದು. "ಹ್ವಾಯ್, ಕೇಣಿ ಕೇಣಿ!" ಎಂದು ಅಬ್ಬರಿಸುತ್ತಿದ್ದದ್ದು ತಿರುವಿನಲ್ಲಿ ಗಪ್ಪನೆ ನಿಂತಿತು. ಕಂಪ್ಯೂಟರಿನ ಮೇಲಿದ್ದ ನನ್ನ ಬೆರಳೂ ನಿಂತುಬಿಟ್ಟಿತು. "ಸಂಭ್ರಮವೋ ಸಂಭ್ರಮ!" ಎಂಬ ನಮ್ಮ ಅಂಗಡಿಯ ಸಂದೇಶ ಅಷ್ಟೂ ಗಿರಾಕಿಗಳ ಮೊಬೈಲಿಗೆ ಹೊರಡುವುದರಲ್ಲಿತ್ತು.

ಈ ಮೌನದ ಕಥೆ ಹೇಳಲೇಬೇಕು. ನಾನಾಗ ಮಂಗಳೂರಿನಲ್ಲಿ ಮಾರ್ಕೆಟಿಂಗ್ ಓದಿ, ತಲೆತುಂಬ ಇಂಗ್ಲಿಷ್ ತುಂಬಿಕೊಂಡು ಬಂದವಳು. ಬ್ರಹ್ಮಾವರದ ಹುಡುಗಿ, ಗತ್ತು ಮಾತ್ರ ವಿಲಾಯಿತಿಯದು! ಮಿಕ್ಸಿ, ಫ್ರಿಜ್ಜು ಮಾರುವ ಈ ಅಂಗಡಿಯ ಉದ್ಘಾಟನೆಗೆ ಪ್ರಚಾರ ಮಾಡುವುದೇ ನನ್ನ ಮೊದಲ ಕೆಲಸ. ಮುಂಬೈ ಹೋಟೆಲುಗಳಲ್ಲಿ ಪಳಗಿ ಬಂದ ಮಾಲೀಕರು ನೇರವಾಗಿಯೇ ಹೇಳಿದ್ದರು: "ಆ ದಿನ ಅಂಗ್ಡಿ ತುಂಬ್ಕ್. ಇಲ್ದಿರೆ ಮರ್ದಿನದಿಂದ ನೀವ್ ಬಪ್ದ್ ಬ್ಯಾಡ."

ಹಾಗಾಗಿ ಮಂಜಣ್ಣನ ಆಟೋದಲ್ಲಿ ನಾನೂ ಕೂತೆ. ಯಡ್ತರೆಯಲ್ಲಿ ಒಂದು ಮನೆ ಹತ್ತಿರ ಬಂದದ್ದೇ ತಡ, ಮಾರಾಯ ಮೈಕು ಆಫ್ ಮಾಡಿದ! ಅಂಗಳದ ತುಂಬ ಜನ. ಇಷ್ಟು ಜನ ಒಟ್ಟಿಗೆ ಇನ್ನೆಲ್ಲಿ ಸಿಗಬೇಕು! ಅವನು ಬಾಯಿ ತೆರೆಯುವಷ್ಟರಲ್ಲಿ ಮೈಕು ಕಿತ್ತುಕೊಂಡು, "ಬನ್ನಿ, ಬನ್ನಿ! ಖುಷಿಯ ಸುದ್ದಿ!" ಎಂದು ಕೂಗಿಯೇಬಿಟ್ಟೆ.

ಅಂಗಳದವರೆಲ್ಲ ತಿರುಗಿ ನೋಡಿದರು. ನಡುವೆ ಚಟ್ಟ.

"ಎಂತ ಮಾಡ್ದೆ ಹೆಣ್ಣೆ! ಆ ಮನಿ ಅಜ್ಜಿ ಬೆಳಿಗ್ಗೆ ಹೋಯ್ರ್," ಎಂದ ಮಂಜಣ್ಣ, ಕೆಳಗಿಳಿದು ಅಂಗಳದತ್ತ ಕೈಮುಗಿದ. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು.

ಆಟೋ ಮಂಜಣ್ಣನದ್ದು, ಬೈಗುಳವೂ ಅವನಿಗೇ. ಸಾವಿನ ಮನೆಯ ಮುಂದೆ ನನ್ನ ಕೈಗೆ ಮೈಕು ಕೊಟ್ಟವನೆಂದು, ಪ್ರಚಾರಕ್ಕೆ ಕರೆದಿದ್ದ ಇಬ್ಬರು ಮಾರನೆಯ ದಿನವೇ ಅವನನ್ನು ಬೇಡವೆಂದರು. ನಾನು ಕಿತ್ತುಕೊಂಡದ್ದೆಂದು ಅವನು ಎಲ್ಲೂ ಹೇಳಲಿಲ್ಲ. "ನಿಂದ್ ಹೊಸ ಕೆಲ್ಸ. ಸುಮ್ನಿರ್," ಎಂದ. ಮಾಲೀಕರಂತೂ, "ತಪ್ಪ್ ಒಪ್ಪಿರೆ ಅಂಗ್ಡಿ ಹೆಸ್ರ್ ಹಾಳಾತ್ತ್. ಬಾಯಿ ಮುಚ್ಕಣಿ," ಎಂದು ಗದರಿದರು. ಎರಡು ರಾತ್ರಿ ನನಗೆ ನಿದ್ದೆಯಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅವನ ಮೈಕು ಹಿಡಿದು ನಿಂತೆ. "ಹ್ವಾಯ್, ಕೇಣಿ! ಮೊನ್ನೆ ಯಡ್ತರೆ ಸಾವಿನ್ ಮನಿ ಎದ್ರ್ ಕೂಗಿದ್ದ್ ನಾನ್. ಮಂಜಣ್ಣ ಮೈಕ್ ಬಂದ್ ಮಾಡಿದ್ರ್, ನಾನೇ ಕಿತ್ಕಂಡದ್ದ್. ತಪ್ಪಾಯ್ತ್!" ಓದಿದ ಇಂಗ್ಲಿಷೆಲ್ಲ ಹಾರಿಹೋಗಿ, ಬಾಯಿಗೆ ಬಂದದ್ದು ಅಮ್ಮನ ಮಾತು. ಅಂಗಡಿಯ ಹೆಸರು ಹೇಳುವುದೇ ಮರೆತೆ!

ಆಮೇಲೆ ಕೇಳಬೇಕೇ! ಯಾವ ಅಂಗಡಿಯೆಂದು ಊರಿಗೆಲ್ಲ ಗೊತ್ತಿತ್ತಲ್ಲ. ಹನ್ನೊಂದು ಗಂಟೆಗೆ ಒಳಗೆ ಕಾಲಿಡಲು ಜಾಗವಿಲ್ಲ. "ತಪ್ಪಾಯ್ತ್ ಅಂದ್ ಹೆಣ್ ಎಲ್ಲಿತ್ತ್?" ಎಂದು ನನ್ನನ್ನು ನೋಡಲು ಬಂದವರೇ ಎಲ್ಲ! ಬಂದವರು ಮಿಕ್ಸಿಯನ್ನೂ ತಿರುಗಿಸಿ ನೋಡಿದರು. ಅದೆಲ್ಲ ತಮ್ಮದೇ ಉಪಾಯವೆಂದು ಮಾಲೀಕರು ಕೊಚ್ಚಿಕೊಂಡರು. ಬೇಡವೆಂದಿದ್ದವರು ಮಂಜಣ್ಣನನ್ನು ಮತ್ತೆ ಕರೆದರು. ಅವನಿಗಿಂತ ಹೆಚ್ಚು ಕುಣಿದಾಡಿದ್ದು ನಾನು.

ಈಗ ಅವನಿಗೇ ಫೋನ್ ಮಾಡಿದೆ. "ಮಂಜಣ್ಣ, ಇವತ್ತ್ ಯಾರ್ ಮನಿ?"

ಹೇಳಿದ. ಗಿರಾಕಿಗಳ ಪಟ್ಟಿಯಲ್ಲಿ ಹುಡುಕಿದೆ, ಇತ್ತು, ಕಳೆದ ತಿಂಗಳು ಫ್ರಿಜ್ಜು ಕೊಂಡವರು. ಆ ನಂಬರನ್ನು ಪಟ್ಟಿಯಿಂದ ತೆಗೆದುಹಾಕಿದೆ. ದೂರದಲ್ಲಿ ಮತ್ತೆ "ಹ್ವಾಯ್, ಕೇಣಿ ಕೇಣಿ!" ಕೇಳಿಸಿದ ಮೇಲೆಯೇ ಸಂದೇಶ ಕಳಿಸುವ ಗುಂಡಿ ಒತ್ತಿದೆ.