ನಾರುಮಡಿಯ ಹಲಗೆ

ನಮ್ಮೂರು ಕಾಲಗಾಲದಲ್ಲಿ ಬೆಳಗಾಗುತ್ತಿದ್ದದ್ದು ಕಿಸೋಲೊ ಅವರ ಕೊಡತಿಯ ಸದ್ದಿನಿಂದ. ಮುತುಬ ಮರದ ತೊಗಟೆ ಸುಲಿದು, ಬತ್ತಲಾದ ಮರಕ್ಕೆ ಬಾಳೆಲೆ ಸುತ್ತಿ ಕಟ್ಟಿ, ಸುಲಿದದ್ದನ್ನು ಬೇಯಿಸಿ, ಚಪ್ಪರದ ನೆರಳಲ್ಲಿ ದಿಮ್ಮಿಯ ಮೇಲೆ ಹಾಸಿ ಅವರು ಬಡಿಯುತ್ತಿದ್ದರು. ಅಂಗೈಯಗಲದ ತೊಗಟೆ ಬಡಿದಷ್ಟೂ ಹಿಗ್ಗಿ ಕಂಬಳಿಯಗಲದ ನಾರುಮಡಿಯಾಗುತ್ತಿತ್ತು. ಬಿಸಿಲಿಗೆ ಹರವಿದರೆ ಕೆಮ್ಮಣ್ಣಿನ ಬಣ್ಣ ಬರುತ್ತಿತ್ತು. ಸತ್ತವರನ್ನು ನಾವು ಅದರಲ್ಲಿ ಸುತ್ತಿಯೇ ಮಣ್ಣು ಮಾಡುವುದು. ಬಂಧುಗಳು ತಲೆಗೊಂದು ತರುತ್ತಾರೆ. ಒಡಹುಟ್ಟಿದವರ ಮಡಿ ಇಲ್ಲದೆ ಹೋದವರು ಅಲ್ಲಿ ಚಳಿಯಲ್ಲಿರುತ್ತಾರೆ ಎಂದು ಹಿರಿಯರು ಹೇಳುತ್ತಿದ್ದರು.

ಆ ಸದ್ದೇ ಕಿಸೋಲೊ ಅವರ ಕಿವಿಯನ್ನು ತಿಂದಿತು. ಮೊದಲು ಹಕ್ಕಿಗಳ ಕೂಗು ಹೋಯಿತು, ಆಮೇಲೆ ಮಕ್ಕಳ ಮಾತು, ಕೊನೆಗೆ ರೇಡಿಯೋ. ಕಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು. ದೂರದಿಂದ ಯಾರು ಏನು ಹೇಳಿದರೂ ಅವರು ನಕ್ಕು "ಹೂಂ, ಹೂಂ" ಎಂದು ತಲೆಯಾಡಿಸುತ್ತಿದ್ದರು. ಕೇಳಲಿಲ್ಲ ಎಂದು ಹೇಳುವುದು ಅವರಿಗೆ ನಾಚಿಕೆ.

ಅವರ ಒಬ್ಬನೇ ಮಗ ಎರಿಯ. ರಸ್ತೆಬದಿಯ ಸಾಲಿನಲ್ಲಿ ಅವನದೊಂದು ರೇಡಿಯೋ ರಿಪೇರಿ ಅಂಗಡಿ. ಅಪ್ಪನ ಕಸುಬು ಅವನ ಕೈಗೆ ಹತ್ತಲಿಲ್ಲ. ಉದ್ದನೆಯ ಆಳು, ಸಣ್ಣ ದನಿ. ಗಿರಾಕಿಯ ಮುಖ ನೋಡಿ ಮಾತಾಡಲಾರ. ರೇಡಿಯೋದ ಹೊಟ್ಟೆ ನೋಡಿಕೊಂಡೇ ಮಾತಾಡುವವನು. ಅವನ ಹೆಂಡತಿ ನಬುಕಾಲು ಮನೆ, ಬಾಳೆತೋಟ, ಮಾವನ ಊಟ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು.

ಆಗ ನಮ್ಮ ಕಡೆಗೆ ಫೋನು ಬಂದಿರಲಿಲ್ಲ. ಮಧ್ಯಾಹ್ನದ ಸುದ್ದಿ ಮುಗಿದ ಮೇಲೆ ರೇಡಿಯೋದಲ್ಲಿ ಸಾವಿನ ಸುದ್ದಿ ಓದುತ್ತಿದ್ದರು: ಯಾರು, ಯಾರ ಮಗ, ಮಣ್ಣು ಎಲ್ಲಿ, ಯಾವಾಗ. ಆ ವರ್ಷಗಳಲ್ಲಿ ಊರೂರಿನಲ್ಲೂ ಮೈ ಸೊರಗಿಸಿ ಕೊಲ್ಲುವ ಆ ಕಾಯಿಲೆ. ಹೆಸರುಗಳು ಸುದ್ದಿಗಿಂತ ಉದ್ದವಾಗಿರುತ್ತಿದ್ದವು. ಬಾಳೆಗೊನೆ ಕಡಿಯುತ್ತಿದ್ದವರು ಕತ್ತಿ ಕೆಳಗಿಟ್ಟು ಕೇಳುತ್ತಿದ್ದರು. ಕಿವಿ ಇದ್ದಷ್ಟು ಕಾಲ ಊರಿಗೆಲ್ಲ ಮೊದಲು ಕೇಳಿಸಿಕೊಂಡು, ಕಾಂಜು ಎಂಬ ಬಿಳಿಯ ನಿಲುವಂಗಿ ತೊಟ್ಟು, ಹೆಗಲ ಮೇಲೊಂದು ಮಡಿ ಹಾಕಿಕೊಂಡು ಹೊರಡುತ್ತಿದ್ದವರು ಕಿಸೋಲೊ.

ಅವರಿಗೊಬ್ಬ ಅಕ್ಕ, ಎಸೇರಿ. ಕೆರೆಯಾಚೆಯ ಊರಿಗೆ ಕೊಟ್ಟಿದ್ದರು. ಆಕೆ ಹಾಸಿಗೆ ಹಿಡಿದ ಸುದ್ದಿ ಬಂದಾಗ ಕಿಸೋಲೊ ತೋಟದ ಒಳ್ಳೆಯ ಮರವನ್ನು ಆರಿಸಿ ಸುಲಿದರು. ತೂತಿಲ್ಲದ, ತೇಪೆಯಿಲ್ಲದ ಮಡಿಯೊಂದನ್ನು ಬಡಿದು ಮಡಚಿಟ್ಟರು. ಅಷ್ಟು ತೆಳುವಾದದ್ದನ್ನು ಅವರೂ ಹಿಂದೆ ಬಡಿದಿರಲಿಲ್ಲ.

ಎಸೇರಿಯ ಹೆಸರು ರೇಡಿಯೋದಲ್ಲಿ ಬಂದ ದಿನ ಎರಿಯ ಸಾಮಾನು ತರಲು ಮಸಾಕ ಪೇಟೆಗೆ ಹೋಗಿದ್ದ. ಮನೆಯಲ್ಲಿದ್ದವಳು ನಬುಕಾಲು. ನಮ್ಮಲ್ಲಿ ಸೊಸೆಯಾದವಳು ಮಾವನನ್ನು ಮುಟ್ಟುವಂತಿಲ್ಲ, ಪಕ್ಕದಲ್ಲಿ ಕೂರುವಂತಿಲ್ಲ. ಕಿವಿಗೆ ಬಾಯಿಡುವ ಮಾತು ದೂರ ಉಳಿಯಿತು. ಅವಳು ಚಪ್ಪರದ ಅಂಚಿನಲ್ಲಿ ಮೊಣಕಾಲೂರಿ ಕೂಗಿದಳು.

"ಮಾವಾ, ಎಸೇರಿ ಅತ್ತೆ ಹೋಗ್ಬಿಟ್ರಂತೆ. ನಾಳೆ ಮಣ್ಣಂತೆ, ಮಾವಾ!"

ಕಿಸೋಲೊ ನಕ್ಕರು. "ಹೂಂ, ಹೂಂ" ಎಂದರು. ಮತ್ತೆ ಕೊಡತಿ ಎತ್ತಿಕೊಂಡರು.

ಆ ನಗು ಕಂಡು ಅವಳು ಮತ್ತೆ ಕೂಗಲು ಬಾಯಿ ತೆರೆದಳು. ಆದರೂ ಹೂಂ ಎಂದರಲ್ಲ. ಹಿರಿಯರ ದುಃಖ ಹೇಗೆಂದು ತಾನು ಬಲ್ಲಳೇ? ಸಂಜೆ ಎರಿಯ ಬಂದಾಗ ಹೇಳಿದಳು: "ಮಾವನಿಗೆ ತಿಳಿಸಿದೆ. ಹೂಂ ಅಂದ್ರು." ಅಪ್ಪ ಆಗಲೇ ಮಲಗಿದ್ದರು. ದುಃಖದಲ್ಲಿದ್ದವರನ್ನು ಎಬ್ಬಿಸುವುದು ಬೇಡವೆಂದು ಎರಿಯ ಸುಮ್ಮನಾದ. ಬೆಳಗ್ಗೆ ಏಳುವಷ್ಟರಲ್ಲಿ ಅಪ್ಪನ ಚಾಪೆ ಬರಿದಾಗಿತ್ತು. ಮೊದಲೇ ಹೊರಟಿದ್ದಾರೆ ಎಂದುಕೊಂಡು ತಾನೂ ಹೊರಟ.

ಅಲ್ಲಿ ಅಪ್ಪ ಇರಲಿಲ್ಲ. ಗುಂಡಿಯ ಬಳಿ ನಿಂತವರು ದಾರಿ ನೋಡಿದರು. "ಕಿಸೋಲೊ ಎಲ್ಲಪ್ಪಾ? ಮಡಿ ಎಲ್ಲಿ?" ಎಂದು ಕೇಳಿದರು. ಮೋಡ ಕಟ್ಟಿತು. ಕಾಯಲಾಗದೆ ಮಣ್ಣೆಳೆದರು. ಎರಿಯ ಮನೆಗೆ ಬಂದಾಗ ಚಪ್ಪರದಿಂದ ಕೊಡತಿಯ ಸದ್ದು ಬರುತ್ತಿತ್ತು. ನಸುಕಿನಲ್ಲೇ ಎದ್ದು ಮರ ಸುಲಿಯಲು ಹೋಗಿದ್ದರಂತೆ ಮುದುಕರು. ಮಗ ಅವರ ಕಿವಿಗೆ ಬಾಯಿಟ್ಟು ಹೇಳಿದ. ಕೊಡತಿ ದಿಮ್ಮಿಯ ಮೇಲೆ ನಿಂತಿತು.

ಮರುದಿನ ಅವರು ಮಡಿಯನ್ನು ಹೆಗಲಿಗೇರಿಸಿ ಒಬ್ಬರೇ ಅಕ್ಕನ ಊರಿಗೆ ನಡೆದು ಹೋಗಿ ಬಂದರು. ಅಲ್ಲೇ ಬಿಟ್ಟು ಬಂದಿರಬೇಕೆಂದು ಎರಿಯ ಎಣಿಸಿದ. ಮುಚ್ಚಿದ ಮಣ್ಣಿನ ಮೇಲೆ ಮಡಿ ಹೊದಿಸಿ ಏನು ಬಂತು? ಅವರು ಅದನ್ನು ಹಾಗೇ ತಂದು ಅಟ್ಟದ ಮೇಲೆ, ಕೋಣೆಗೆ ಅಡ್ಡ ಕಟ್ಟುವ ಹಳೆಯ ಮಡಿಗಳ ಕೆಳಗೆ ಇಟ್ಟುಬಿಟ್ಟಿದ್ದರು. ಅಂದಿನಿಂದ ಕೊಡತಿ ಮುಟ್ಟಲಿಲ್ಲ. ಮಧ್ಯಾಹ್ನವಾದರೆ ರೇಡಿಯೋದ ಮುಂದೆ ಬಂದು ಕೂರುತ್ತಿದ್ದರು. ಓದುವವನ ದನಿ ನಿಂತಿತೆಂದು ಸೊಸೆ ಎದ್ದು ಹೋಗುವುದರಿಂದ ತಿಳಿದುಕೊಂಡು, ತಾವೂ ಏಳುತ್ತಿದ್ದರು.

ಆ ಕೂರುವಿಕೆಯನ್ನು ಎರಿಯನಿಂದ ನೋಡಲಾಗಲಿಲ್ಲ. ದೊಡ್ಡ ಪೆಟ್ಟಿಗೆಯ ಸ್ಪೀಕರ್ ತಂದಿಟ್ಟ. ದನಿ ಏರಿಸಿದಷ್ಟೂ ಅಪ್ಪನಿಗೆ ಗದ್ದಲ ಹೆಚ್ಚಿತೇ ಹೊರತು ಮಾತು ಬಿಡಿಸಿ ಕೇಳಲಿಲ್ಲ. ಒಮ್ಮೆ ಇಬ್ಬರೂ ಬಾಡಿಗೆ ವ್ಯಾನಿನಲ್ಲಿ ಹೋಗುತ್ತಿದ್ದಾಗ, ಪ್ಲೈವುಡ್ ಹೊದಿಸಿದ ಪಕ್ಕಕ್ಕೆ ತಲೆಯಾನಿಸಿ ಕೂತಿದ್ದ ಮುದುಕರು ಇದ್ದಕ್ಕಿದ್ದಂತೆ ನಕ್ಕರು.

"ಏನಪ್ಪಾ?" ಎಂದು ಎರಿಯ ಕಿವಿಗೆ ಬಾಯಿಟ್ಟು ಕೇಳಿದ.

"ಆ ಡ್ರೈವರಣ್ಣನ ರೇಡಿಯೋ. ಯಾವನೋ ಹೆಂಡ್ತಿ ಬೈತಾಳೆ ಅಂತ ಹಾಡ್ತಾ ಇದಾನೆ."

ಎರಿಯ ಬಗ್ಗಿ ನೋಡಿದ. ಸ್ಪೀಕರನ್ನು ಆ ಪ್ಲೈವುಡ್‌ಗೇ ತಿರುಪು ಹಾಕಿ ಬಿಗಿದಿದ್ದರು. ಸದ್ದು ಕಿವಿಯಿಂದ ಬಂದಿರಲಿಲ್ಲ. ಮರದಿಂದ ತಲೆಬುರುಡೆಗೆ ಇಳಿದಿತ್ತು.

ಅಲ್ಲಿಂದ ಶುರುವಾಯಿತು. ಹಳೆಯ ಸ್ಪೀಕರೊಂದರ ಕಾಗದದ ಬಟ್ಟಲನ್ನು ಕತ್ತರಿಸಿ ತೆಗೆದ. ಉಳಿದದ್ದು ಮ್ಯಾಗ್ನೆಟ್, ಅದರೊಳಗೆ ಮೇಲೆ ಕೆಳಗೆ ನಡುಗುವ ತಂತಿ ಸುರುಳಿ. ಆ ಸುರುಳಿಯ ತುದಿಯನ್ನು ಒಂದು ಹಲಗೆಯ ಬೆನ್ನಿಗೆ ಅಂಟಿಸಿ, ಮ್ಯಾಗ್ನೆಟ್ಟನ್ನು ಅಡ್ಡಪಟ್ಟಿಗೆ ಕಟ್ಟಿದರೆ ಹಲಗೆಯೇ ಮಾತಾಡಬೇಕು. ಮಾತಾಡಿತು ಕೂಡ. ಆದರೆ ಒಂದೊಂದು ಹಲಗೆಗೂ ಒಂದೊಂದು ಚಾಳಿ. ಪ್ಲೈವುಡ್ ಬಾಯಲ್ಲಿ ಬಾಳೆಕಾಯಿ ತುಂಬಿಕೊಂಡವನ ಹಾಗೆ ಗೊಣಗಿತು. ಸೂರಿನ ತಗಡು ಪ್ರತಿ ಮಾತಿಗೂ ಗಂಟೆ ಬಾರಿಸಿತು. ಮೆತ್ತನೆಯ ಸೀಲಿಂಗ್ ಹಲಗೆ ಅರ್ಧ ಮಾತನ್ನು ನುಂಗಿತು. ರಟ್ಟು ಮೊದಲ ದಿನ ಚೆನ್ನಾಗಿ ನುಡಿದು, ಮಳೆ ಬಂದ ದಿನ ಸೋತು ಜೋತುಬಿತ್ತು. ಟೀವಿ ಪೆಟ್ಟಿಗೆಯೊಳಗಿನ ಥರ್ಮೋಕೋಲ್ ಎಲ್ಲಕ್ಕಿಂತ ಗಟ್ಟಿಯಾಗಿ, ಸ್ಪಷ್ಟವಾಗಿ ಕೂಗಿತು. ಆದರೆ ಪ್ರತಿ ಮಾತಿನ ಹಿಂದೆಯೂ ಎಣ್ಣೆಗೆ ನೀರು ಬಿದ್ದಂತೆ ಚುರ್ರೆನ್ನುತ್ತಿತ್ತು. ಅಪ್ಪ ಅದಕ್ಕೆ ಹಣೆಯಿಟ್ಟು ತಟ್ಟನೆ ಹಿಂದೆಗೆದರು. "ಕಣಜದ ಗೂಡು ಕಣೋ ಇದು" ಎಂದರು.

ಪಕ್ಕದ ಅಂಗಡಿಯ ದರ್ಜಿ ಲುಟಾಯನಿಗೆ ಇದೆಲ್ಲ ತಮಾಷೆ.

"ಏನೋ ಎರಿಯ, ನಿನ್ನೆ ಬಾಗಿಲು, ಇವತ್ತು ಸೂರು. ನಾಳೆ ನನ್ನ ಬೋಳುತಲೆಗೂ ತಂತಿ ಅಂಟಿಸ್ತೀಯೇನು?"

"ನಿನ್ ತಲೆ ಟೊಳ್ಳು ಲುಟಾಯ. ಬರೀ ಪ್ರತಿಧ್ವನಿ ಬರತ್ತೆ."

"ಟೊಳ್ಳಿದ್ರೇನೇ ಅಲ್ವೇನೋ ಡೋಲು ನುಡಿಯೋದು!"

ಲುಟಾಯ ನಗೆಗೆ ಹೇಳಿದ್ದು ಎರಿಯನ ತಲೆಯಲ್ಲಿ ಕೂತಿತು. ಒಳಗೆ ಹಗುರ, ಹೊರಗೆ ಬಿಗಿ. ಜೌಗಿನಲ್ಲಿ ಬೆಳೆಯುವ ಆಪು ಹುಲ್ಲಿನ ದಂಟಿನ ಒಳಗೆ ಬಿಳಿಯ ಬೆಂಡು, ಗಾಳಿಯಷ್ಟು ಹಗುರ. ದಂಟು ತಂದು ಒಣಗಿಸಿ, ಸೀಳಿ, ಒತ್ತೊತ್ತಾಗಿ ಜೋಡಿಸಿ ಹಲಗೆ ಮಾಡಿದ. ಎರಡೂ ಮೈಗೆ ಬಿಗಿಯಾದ ತೊಗಲು ಬೇಕಿತ್ತು. ಕಾಗದ ಹರಿಯಿತು. ಗೋಣಿಬಟ್ಟೆ ಭಾರವಾಯಿತು. ಅಟ್ಟದ ಮೇಲೆ ಕೋಣೆಗೆ ಅಡ್ಡ ಕಟ್ಟುತ್ತಿದ್ದ ಹಳೆಯ ನಾರುಮಡಿಗಳಿದ್ದವಲ್ಲ ಎಂದು ನೆನಪಾಯಿತು. ಒಂದೊಂದನ್ನೇ ಬೆರಳಲ್ಲಿ ಉಜ್ಜಿ ನೋಡಿದ. ತಳದಲ್ಲೊಂದು ಬೇರೆಲ್ಲಕ್ಕಿಂತ ತೆಳುವಾದದ್ದು ಸಿಕ್ಕಿತು. ಅದರ ನಡುವಿನಿಂದ ಎರಡು ಚೌಕ ಕತ್ತರಿಸಿದ. ಬಡಗಿಯ ಗೋಂದು ಹಲಗೆಯ ದನಿಯನ್ನು ಒರಟು ಮಾಡುತ್ತದೆಂದು ಅವನಿಗೆ ಆಗಲೇ ಗೊತ್ತಿತ್ತು. ಮರಗೆಣಸಿನ ಹಿಟ್ಟಿನ ಗಂಜಿ ಹಚ್ಚಿ ಅಂಟಿಸಿ, ಒಣಗಿಸಿದ. ಸುರುಳಿಯನ್ನು ನಟ್ಟನಡುವೆ ಇಡದೆ ಸ್ವಲ್ಪ ಓರೆಗೆ ಸರಿಸಿದ. ಚೌಕಟ್ಟಿಗೆ ಹಾಕಿ ಮನೆಯ ಗೋಡೆಗೆ ತೂಗುಹಾಕಿ, ಬ್ಯಾಟರಿ ರೇಡಿಯೋದ ತಂತಿ ಕೊಟ್ಟ.

ಕೋಣೆಯಲ್ಲಿ ಯಾರೋ ಕೂತು ಮಾತಾಡಿದಂತಿತ್ತು. ಚುರ್ರೆನ್ನಲಿಲ್ಲ, ಗೊಣಗಲಿಲ್ಲ. ಎರಿಯ ಮೊದಲ ಸಲ ಮುಖವೆತ್ತಿ ನಕ್ಕ.

ಶೇಂಗಾ ಗೊಜ್ಜಿನ ಮಡಕೆ ಹಿಡಿದು ಒಳಬಂದ ನಬುಕಾಲು ಹಲಗೆ ನೋಡಿದಳು. ನೆಲದ ಮೇಲೆ ಬಿದ್ದಿದ್ದ ಕತ್ತರಿಸಿದ ಮಡಿಯನ್ನು ನೋಡಿದಳು. ಮಡಕೆ ಕೆಳಗಿಟ್ಟು ಅಂಚನ್ನು ಕೈಯಲ್ಲಿ ತಿರುಗಿಸಿದಳು. ಎಲ್ಲೂ ಒಂದು ತೇಪೆ ಇರಲಿಲ್ಲ.

"ಅಯ್ಯೋ, ಏನ್ ಮಾಡಿದ್ರಿ! ಇದು ಎಸೇರಿ ಅತ್ತೆಯ ಮಡಿ."

"ಅದನ್ನ ಅಪ್ಪ ಅಲ್ಲೇ ಬಿಟ್ಟು ಬಂದ್ರಲ್ಲ?"

"ಬಿಟ್ಟು ಬಂದಿರ್ಲಿಲ್ಲ."

ಬಾಗಿಲಲ್ಲಿ ಕಿಸೋಲೊ ನಿಂತಿದ್ದರು. ನಡುವೆ ಎರಡು ತೂತಿದ್ದ ಮಡಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಮಡಚಿ, ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋದರು. ಅಂದು ಉಣ್ಣಲಿಲ್ಲ. ಮಗನ ಜೊತೆ ಮಾತು ಬಿಟ್ಟರು. ಸತ್ತವರ ಬಟ್ಟೆಗೆ ನಾಲಗೆ ಬರಿಸಿದವನೆಂದು ಊರು ಎರಿಯನ ಬೆನ್ನಹಿಂದೆ ಆಡಿಕೊಂಡಿತು. ಹಲಗೆಯನ್ನು ಗೋಡೆಯಿಂದ ಇಳಿಸುವ ಧೈರ್ಯವೂ ಅವನಿಗಿರಲಿಲ್ಲ, ನುಡಿಸುವ ಧೈರ್ಯವೂ ಇರಲಿಲ್ಲ. ಊರಿನ ಸಾವುಗಳು ಮಾತ್ರ ನಿಲ್ಲಲಿಲ್ಲ. ಅಪ್ಪನಿಗೆ ತಿಳಿಯದೆ ಇನ್ನೂ ಒಬ್ಬಿಬ್ಬರು ಹೋದರು.

ಹಲಗೆಗೆ ತಂತಿ ಸಿಕ್ಕಿಸಿದವಳು ನಬುಕಾಲು. ಗಂಡ ಅಂಗಡಿಯಲ್ಲಿದ್ದ. ಮಾವ ಹೊಸ್ತಿಲ ಮೇಲೆ ಕೂತಿದ್ದರು. ಅವಳು ದನಿ ಏರಿಸಿ, ಕೋಣೆಯ ಆಚೆ ಮೂಲೆಗೆ ಹೋಗಿ ಮೊಣಕಾಲೂರಿ, ಹಲಗೆಯತ್ತ ಕೈ ತೋರಿಸಿದಳು.

ಮುದುಕರು ಬಹಳ ಹೊತ್ತು ಅಲ್ಲೇ ಕೂತಿದ್ದರು. ಆಮೇಲೆ ಎದ್ದು ಬಂದು, ಬದುಕಿಡೀ ಮಡಿಯ ಹದ ನೋಡಿದಂತೆ ಅಂಗೈಯನ್ನು ಅದರ ಮೇಲೆ ಸವರಿದರು. ಕೈ ನಿಂತಿತು. ಮಡಿ ಅದುರುತ್ತಿತ್ತು. ಮೆಲ್ಲಗೆ ಬಾಗಿ ಹಣೆಯೂರಿದರು. ಕಣ್ಣು ಮುಚ್ಚಿದರು. ಓದುವವನು ಒಂದೊಂದೇ ಹೆಸರು ಓದುತ್ತಿದ್ದ. ಮುದುಕರ ತುಟಿ ಅವನ ಹಿಂದೆಯೇ ಅಲುಗುತ್ತಿತ್ತು.

"ನಸೋಜ್ಜಿ," ಎಂದರು ಗಟ್ಟಿಯಾಗಿ. "ಕಿರಿಂಗೊದ ನಸೋಜ್ಜಿ. ಅವಳಪ್ಪ ನನಗೆ ಮೊದಲನೇ ಮರ ಕೊಟ್ಟೋನು. ನಾಳೆ ಮಣ್ಣಂತೆ." ಸೊಸೆಯತ್ತ ತಿರುಗಿದರು. ಮುಖ ಒದ್ದೆಯಾಗಿತ್ತು. "ನನ್ನ ಕಾಂಜು ಎಲ್ಲಮ್ಮಾ?"

ಮರುದಿನ ಮಣ್ಣಿಗೆ ಹೊರಡುವ ಮುಂಚೆ ಅಂಗಡಿಯ ಮುಂದೆ ನಿಂತು ಮಗನನ್ನು ಕರೆದರು.

"ಲೇ, ಆ ಹಲಗೆ ನಿಂದಲ್ಲ. ಕೈಗಡ ಕೊಟ್ಟಿದೀನಿ. ನಾನು ಹೋಗೋವಾಗ ನನ್ನ ಜೊತೆ ಬರಬೇಕು. ಅಕ್ಕನಿಗೆ ನಾನೇ ತಲುಪಿಸ್ಬೇಕು."

ಎರಿಯ ಅಪ್ಪನ ಕಿವಿಗೆ ಬಾಯಿಟ್ಟ. "ಆಗ್ಲಿ ಅಪ್ಪಾ. ಮಾತು ಕೊಟ್ಟೆ."

ಕಿಸೋಲೊ ಮತ್ತೆ ಕೊಡತಿ ಹಿಡಿದರು. ಕೈ ಮೊದಲಿನಂತಿರಲಿಲ್ಲ, ಮಡಿಗಳು ದಪ್ಪಗೆ ಬರುತ್ತಿದ್ದವು. ಆದರೂ ಸುತ್ತಿನ ಊರುಗಳಲ್ಲಿ ಅವರಿಲ್ಲದೆ ಯಾರೂ ಮಣ್ಣಾಗಲಿಲ್ಲ. ಪ್ರತಿ ಮಧ್ಯಾಹ್ನ ಹಣೆಯೂರಿ ಊರಿ ಹಲಗೆಯ ಮೇಲೊಂದು ಕಪ್ಪು ನುಣುಪು ಗುರುತು ಮೂಡಿತು. ಎರಿಯ ಈ ನಡುವೆ ಇನ್ನೂ ಎಷ್ಟೋ ಹಲಗೆ ಮಾಡಿ ನೋಡಿದ, ಅಪ್ಪನ ಹೊಸ ಮಡಿಗಳಿಂದಲೂ ಮಾಡಿದ. ಯಾವುದೂ ಅದರ ಹಾಗೆ ನುಡಿಯಲಿಲ್ಲ. ಅದನ್ನು ಕೇಳಲೆಂದೇ ಜನ ಮನೆಗೆ ಬರುತ್ತಿದ್ದರು. ಹಿಂದೆ ಆಡಿಕೊಂಡವರೇ ಬಂದು ತಮ್ಮವರ ಹೆಸರಿಗಾಗಿ ಕಿವಿಗೊಟ್ಟು ಕೂರುತ್ತಿದ್ದರು. ಆ ಹಲಗೆಯೇ ತನ್ನ ಬದುಕಿನ ಒಂದೇ ಒಳ್ಳೆಯ ಕೆಲಸವೆಂದು ಎರಿಯನಿಗೆ ಗೊತ್ತಿತ್ತು.

ಸಣ್ಣ ಮಳೆಗಾಲವೊಂದರಲ್ಲಿ ಕಿಸೋಲೊ ಹೋದರು. ಮರುದಿನ ಮಧ್ಯಾಹ್ನ ಮನೆ ತುಂಬ ಜನ ಕೂತಿರುವಾಗ ಹಲಗೆ ಅವರ ಹೆಸರನ್ನು ಓದಿತು. ಓದಿ ಮುಗಿದ ಮೇಲೆ ಎರಿಯ ಎದ್ದು ಅದನ್ನು ಮೊಳೆಯಿಂದ ಇಳಿಸಿದ.

ಲುಟಾಯ ಅವನ ಹಿಂದೆಯೇ ಅಂಗಳಕ್ಕೆ ಬಂದ. ಈ ಸಲ ತಮಾಷೆ ಇರಲಿಲ್ಲ.

"ಎರಿಯ, ಕೇಳು. ಬೇರೆ ಒಳ್ಳೆ ಮಡಿ ನಾನು ತಂದಿದೀನಿ. ಅದನ್ನ ಹಾಕಿ ಕಳಿಸು. ಇಂಥ ಹಲಗೆ ಇನ್ನೊಂದು ಆಗಲ್ಲ, ಬಡಿಯೋರು ಯಾರೂ ಉಳಿದಿಲ್ಲ. ಸತ್ತೋರಿಗೆ ಏನು ಗೊತ್ತಾಗತ್ತೆ?"

ಎರಿಯ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಣೆಯ ಗುರುತಿನ ಮೇಲೆ ಅವನ ಹೆಬ್ಬೆರಳಿತ್ತು. ತುಸು ಹೊತ್ತು ಅವನಿಗೂ ಹಾಗೇ ಅನ್ನಿಸಿತು.

"ಅಪ್ಪ ಅಂಗೈಯಲ್ಲಿ ಮುಟ್ಟಿ ನೋಡ್ತಾರೆ" ಎಂದ.

ಅಗಲವಾದ ಬೋಗುಣಿಯಲ್ಲಿ ನೀರು ತಂದು ಹಲಗೆಯನ್ನು ಮುಳುಗಿಸಿದ. ಗಂಜಿ ನೆನೆದು ಬಿಟ್ಟುಕೊಂಡಿತು. ಮಡಿಯ ಎರಡು ಚೌಕ ಒಂದೊಂದಾಗಿ ಸುಲಿದು ಬಂದವು. ಕಿಸೋಲೊ ಮಡಚಿಟ್ಟಿದ್ದ ಮಡಿಯನ್ನು ನಬುಕಾಲು ತಂದು ಹಾಸಿದಳು. ಚೌಕಗಳನ್ನು ಅವುಗಳ ತೂತಿಗೇ ಕೂರಿಸಿ, ನಾರಿನ ದಾರದಿಂದ ಸುತ್ತಲೂ ಹೊಲಿದಳು.

"ಮಾವನಿಗೆ ತೇಪೆ ಸೇರ್ತಿರ್ಲಿಲ್ಲ. ಬೈತಾರೆ" ಎಂದಳು ಹೊಲಿಯುತ್ತ.

"ಬೈಲಿ" ಎಂದ ಎರಿಯ. "ಅತ್ತೆಯ ಮುಂದೆ ಬೈಲಿ."

ಗುಂಡಿಗೆ ಮಡಿಗಳು ಒಂದರ ಮೇಲೊಂದು ಇಳಿದವು. ಎರಡು ತೇಪೆಯ ಮಡಿಯನ್ನು ಎರಿಯ ಎಲ್ಲಕ್ಕಿಂತ ಮೊದಲು, ಅಪ್ಪನ ಕೈಗೆ ತಾಗುವ ಹಾಗೆ ಇಟ್ಟ. ಆಮೇಲೆ ಮಣ್ಣೆಳೆದರು.

ಗೋಡೆಯ ಮೇಲೆ ಹಲಗೆಯಿದ್ದ ಕಡೆ ಸುಣ್ಣ ಇನ್ನೂ ಬೆಳ್ಳಗಿತ್ತು. ಅಶೌಚ ಕಳೆದ ಮೇಲೆ ಎರಿಯ ಮೂಲೆಯಲ್ಲಿದ್ದ ಥರ್ಮೋಕೋಲ್ ತುಂಡನ್ನು ಒರೆಸಿ ಅದೇ ಮೊಳೆಗೆ ತೂಗುಹಾಕಿ, ಸುರುಳಿ ಅಂಟಿಸಿದ. ಮಧ್ಯಾಹ್ನದ ಸುದ್ದಿ ಮುಗಿಯಿತು. ಕಣಜದ ಗೂಡು ಚುರ್ರೆನ್ನುತ್ತ ಹೆಸರುಗಳನ್ನು ಓದತೊಡಗಿತು. ಮೂರನೆಯದು ಗುರುತಿನವರ ಹೆಸರು. ಅದನ್ನು ಕೇಳಿ ನಬುಕಾಲು ಅವನ ಮುಖ ನೋಡಿದಳು. ಎರಿಯ ಎದ್ದು, ಒಳಗೆ ಹೋಗಿ, ಅಪ್ಪನ ಕಾಂಜು ತೊಟ್ಟುಕೊಂಡ. ಅದು ಅವನಿಗೆ ಗಿಡ್ಡವಾಗುತ್ತಿತ್ತು.