ಸುಣ್ಣದ ತಿಳಿನೀರು ಕುಡಿದ ಹುಡುಗಿ

ಇಟ್ಟಮಡುವಿನ ಒಂದು ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾನು ಐದನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಕ್ಲಾಸಿನೊಳಗೆ ಕನ್ನಡ ಆಡುವಂತಿಲ್ಲ ಎಂಬುದು ಶಾಲೆಯ ನಿಯಮವಾಗಿತ್ತು. ಕಳೆದ ವರ್ಷ ಹಾವೇರಿ ಕಡೆಯ ಒಬ್ಬ ಹುಡುಗಿ ಬಂದು ಸೇರಿದಳು. ಅವಳ ತಂದೆ ಇಲ್ಲೇ ಹತ್ತಿರದ ಹೊಸಕೆರೆಹಳ್ಳಿಯಲ್ಲಿ ಒಣಮೆಣಸಿನಕಾಯಿ ಅಂಗಡಿ ಇಟ್ಟಿದ್ದರು. ಅಲ್ಲಿಯತನಕ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು ಇಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ನಾನು “ಅಂಡರ್‌ಸ್ಟುಡ್?” ಎಂದಾಗ ಮಾತ್ರ ಎಲ್ಲರ ಜೊತೆ “ಯೆಸ್ ಮಿಸ್” ಎನ್ನುತ್ತಿದ್ದಳು.

ಅವತ್ತು ಉಸಿರಾಟದ ಪಾಠ. ಪ್ರತಿ ಮಗುವಿನ ಮುಂದೆ ಒಂದು ಲೋಟ ಸುಣ್ಣದ ತಿಳಿನೀರು, ಅದರಲ್ಲೊಂದು ಸ್ಟ್ರಾ. ಊದಿದರೆ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್‌ನಿಂದ ನೀರು ಹಾಲಿನಂತೆ ಬೆಳ್ಳಗಾಗಬೇಕು. “ಬ್ಲೋ. ಡು ನಾಟ್ ಡ್ರಿಂಕ್” ಎಂದು ಒತ್ತಿ ಒತ್ತಿ ಹೇಳಿದೆ. ಎಲ್ಲರೂ ಯೆಸ್ ಮಿಸ್ ಎಂದರು.

ಬೋರ್ಡಿನ ಕಡೆ ತಿರುಗಿ ಮತ್ತೆ ಈ ಕಡೆ ನೋಡುವಷ್ಟರಲ್ಲಿ ಅವಳ ಲೋಟದ ನೀರು ಇಳಿದಿತ್ತು. ಮುಖ ಕಿವುಚಿಕೊಂಡು, ಆದರೂ ನಿಲ್ಲಿಸದೆ, ಹೀರುತ್ತಲೇ ಇದ್ದಳು. ಲೋಟ ಕಿತ್ತುಕೊಂಡೆ. ನೀರಿನಲ್ಲಿ ಸುಣ್ಣ ಬಹಳ ಕಡಿಮೆಯೆಂದು ಗೊತ್ತಿದ್ದರೂ ಬಾಯಿ ತೊಳೆಸಿ ಅವಳನ್ನು ಪಕ್ಕದ ಕ್ಲಿನಿಕ್ಕಿಗೆ ಕರೆದುಕೊಂಡು ಓಡಿದೆ. ಡಾಕ್ಟರು ಟಾರ್ಚ್ ಹಾಕಿ ನೋಡಿ, “ಏನೂ ಆಗಿಲ್ಲ ಮೇಡಂ, ಗಾಬರಿ ಆಗ್ಬೇಡಿ” ಎಂದರು.

ಹೊರಗಿನ ಬೆಂಚಿನ ಮೇಲೆ ಕೂತು ಮೊದಲ ಸಲ ಅವಳ ಜೊತೆ ಕನ್ನಡದಲ್ಲಿ ಮಾತಾಡಿದೆ. “ಅಷ್ಟು ಕೆಟ್ಟ ರುಚಿ ಇತ್ತಲ್ಲ ಪುಟ್ಟಿ, ಯಾಕೆ ಕುಡಿದೆ?”

“ನೀವ ಡ್ರಿಂಕ್ ಅಂದ್ರಲ್ರಿ ಮಿಸ್. ಔಷಧ ಇರಬೇಕು ಅನ್ಕೊಂಡೆ.”

ಅಷ್ಟರಲ್ಲಿ, ಶಾಲೆಯಿಂದ ಫೋನ್ ಹೋಗಿ, ಅವಳ ತಾಯಿ ಏದುಸಿರು ಬಿಡುತ್ತ ಬಂದರು. ಬೈಸಿಕೊಳ್ಳಲು ಎದ್ದು ನಿಂತೆ. ಆಕೆ ಬೈದದ್ದು ಮಗಳನ್ನು. “ಟೀಚರ್ ಹೇಳಿದ್ದು ಚಲೋತ್ನಾಗ ಕೇಳಾಕ ಏನಾಗಿತ್ತ ನಿನಗ?”

“ಅವಳು ಕೇಳಿಸ್ಕೊಂಡಿದಾಳೆ ಅಮ್ಮ. ನಾನು ಹೇಳಿದ್ದು ಅವಳಿಗೆ ಅರ್ಥ ಆಗಿಲ್ಲ” ಎಂದೆ.

ಮಾರನೇ ದಿನ ಇಡೀ ಕ್ಲಾಸಿಗೆ ‘ಬ್ಲೋ’ ಅಂದರೆ ಏನೆಂದು ಮಾಡಿ ತೋರಿಸಲು ಹೇಳಿದೆ. ಕೆಲವರು ಊದಿದರು. ಕೆಲವರು ಹೀರಿದರು. ಒಬ್ಬ ಕೈ ಬೀಸಿ ಹೊಡೆಯುವಂತೆ ಮಾಡಿದ. ಉಳಿದವರು ಪಕ್ಕದವರನ್ನು ನೋಡುತ್ತಿದ್ದರು. ಇಷ್ಟು ದಿನ ನನಗೆ ಯೆಸ್ ಮಿಸ್ ಎಂದವರು ಇವರೇ.

ಹೆಡ್‌ಮಿಸ್ ಹತ್ತಿರ ಹೋಗಿ, ಕ್ಲಾಸಿನಲ್ಲಿ ಕನ್ನಡ ಬಳಸಲು ಅನುಮತಿ ಕೇಳಿದೆ. “ಪೇರೆಂಟ್ಸ್ ಇಂಗ್ಲಿಷ್‌ಗೋಸ್ಕರ ತಾನೇ ಇಲ್ಲಿಗೆ ಸೇರ್ಸೋದು?” ಎಂದರು.

“ಇಂಗ್ಲಿಷ್ ಬಿಡಲ್ಲ ಮೇಡಂ. ಮೊದ್ಲು ಕನ್ನಡದಲ್ಲಿ ಹೇಳ್ತೀನಿ, ಮಾಡಿ ತೋರಿಸ್ತೀನಿ, ಆಮೇಲೆ ಇಂಗ್ಲಿಷ್ ಪದ ಹೇಳಿಸ್ತೀನಿ. ನಿನ್ನೆ ಆಗಿದ್ದು ನೋಡಿದ್ರಲ್ಲ.”

“ನಿಮ್ಮ ಪೀರಿಯಡ್‌ನಲ್ಲಿ ಮಾಡಿ ನೋಡಿ” ಎಂದರು.

ಮುಂದಿನ ಪೀರಿಯಡ್‌ನಲ್ಲಿ ಅಂಗೈ ಮೇಲೆ ಕಾಗದದ ಚೂರು ಇಟ್ಟುಕೊಂಡು ಮಕ್ಕಳು ಊದಿದರು. ಊದು, ಬ್ಲೋ. ಹೀರು, ಸಕ್. ಎಲ್ಲರೂ ಸರಿಯಾಗಿ ಮಾಡುವವರೆಗೂ ಬಿಡಲಿಲ್ಲ. ಆಮೇಲೆ ಮತ್ತೆ ತಿಳಿನೀರು ಹಂಚಿ ಆ ಹುಡುಗಿಯ ಪಕ್ಕದಲ್ಲೇ ನಿಂತೆ. ಅವಳು ಊದಿದಳು. ನೀರು ಬೆಳ್ಳಗಾಯಿತು. ಕೈ ಎತ್ತಿದಳು.

“ಮಿಸ್, ನಮ್ಮ ಊರಾಗ ಎಮ್ಮಿ ಐತ್ರಿ. ಅದು ಊದಿದ್ರೂ ಹಿಂಗ ಆಗತೈತೇನ್ರಿ? ಮತ್ತ ಗಿಡ? ಅದಕ್ಕ ಬಾಯೇ ಇಲ್ಲಲ್ರಿ, ಅದು ಹೆಂಗ ಉಸಿರು ಬಿಡತೈತಿ?”

ಇಷ್ಟು ವರ್ಷ ಈ ಪಾಠ ಮಾಡಿದ್ದೆ. ಯಾವ ಮಗುವೂ ಇದನ್ನು ಕೇಳಿರಲಿಲ್ಲ.