ರಸಬಾಳೆ ಬೇಡವೆಂದ ಮಗಳು

ಮಗಳ ವಿಷಯದಲ್ಲಿ ಕಳಲೆಯ ನಾಗರತ್ನಳ ಜೊತೆ ಯಾರೂ ವಾದಕ್ಕೆ ನಿಲ್ಲುತ್ತಿರಲಿಲ್ಲ. ನಿಂತರೂ ಗೆಲ್ಲುತ್ತಿರಲಿಲ್ಲ ಎನ್ನಿ. ಹನ್ನೊಂದು ವರ್ಷದ ನಯನಳಿಗೆ ಮಾತಿಲ್ಲ, ನಡಿಗೆಯಿಲ್ಲ. ಬಲಗೈಯೊಂದು ಮಾತ್ರ ಅಷ್ಟಿಷ್ಟು ಹೇಳಿದಂತೆ ಕೇಳುತ್ತದೆ. ಅವಳು ಕಣ್ಣು ಮಿಟುಕಿಸಿದರೆ ನೀರು, ಮುಖ ತಿರುಗಿಸಿದರೆ ನಿದ್ದೆ, ಗೊಣಗಿದರೆ ರಸಬಾಳೆ ಎಂದು ನಾಗರತ್ನ ಥಟ್ಟನೆ ಹೇಳುತ್ತಿದ್ದಳು. ಮೂರು ವರ್ಷದವಳಿದ್ದಾಗ ಒಮ್ಮೆ ರಸಬಾಳೆ ತಿಂದು ನಯನ ನಕ್ಕಿದ್ದಳು. ಅಷ್ಟೇ ಸಾಕಾಯಿತು. ನಾಗರತ್ನ ಹಿತ್ತಲಲ್ಲಿ ನಾಲ್ಕು ಗಿಡ ನೆಟ್ಟಳು. ಸೊರಗು ರೋಗಕ್ಕೆ ಎರಡು ಹೋದವು, ಉಳಿದೆರಡನ್ನು ಕರೆಯುವ ಹಸುವಿಗಿಂತ ಹೆಚ್ಚು ನೋಡಿಕೊಂಡಳು. ಗೊನೆ ಹಣ್ಣಾದರೆ ಗಂಡ ಶಿವಸ್ವಾಮಿಗೂ ಒಂದು ಹಣ್ಣು ದಕ್ಕುತ್ತಿರಲಿಲ್ಲ.

ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಗೇ ಹೋಗಿ ಕಲಿಸುವ ರಮ್ಯ ಮೇಡಂ ಪ್ರತಿ ಗುರುವಾರ ನಂಜನಗೂಡಿನಿಂದ ಸ್ಕೂಟರಿನಲ್ಲಿ ಬರುತ್ತಾರೆ. ಜೂನ್‌ನಲ್ಲಿ ಒಂದು ಟ್ಯಾಬ್ ತಂದರು. ಪರದೆಯ ಮೇಲೆ ಒಂಬತ್ತು ಚಿತ್ರಗಳು. ಯಾವುದನ್ನು ಮುಟ್ಟಿದರೂ ಅದರ ಹೆಸರನ್ನು ಟ್ಯಾಬ್ ಹೇಳುತ್ತದೆ. ಬಲಗಡೆ ಕೆಳಮೂಲೆಯ ಕೆಂಪು ಕೈ ಮುಟ್ಟಿದರೆ ‘ಬೇಡ’. ಎರಡು ತಿಂಗಳು ನಯನ ಸಿಕ್ಕಿದ್ದನ್ನೆಲ್ಲ ತಟ್ಟಿದಳು. ಒಂದು ಗುರುವಾರ ಅವ್ವ ಹಣ್ಣು ಸುಲಿದು ಬಾಯಿಗೆ ತಂದಾಗ ನೇರ ಕೆಂಪು ಕೈಗೇ ಬೆರಳಿಟ್ಟಳು.

“ಬೇಡ,” ಎಂದಿತು ಟ್ಯಾಬ್.

“ಕೈ ತಪ್ಪೋಯ್ತು ಕಣ್ ಮೇಡಂ,” ಎಂದಳು ನಾಗರತ್ನ. ಮತ್ತೆ ಹಣ್ಣು ಹಿಡಿದಳು. ಬೇಡ. ಅನ್ನ ಹಿಡಿದಳು, ಬೆರಳು ಅಲುಗಲಿಲ್ಲ. ಮತ್ತೆ ಹಣ್ಣು. ಬೇಡ.

ಮೇಡಂ ಹೋದ ಮೇಲೆ ನಾಗರತ್ನಳ ತಲೆ ಮೊಸರುಗಡಿಗೆಯಾಯಿತು. ಇವತ್ತೊಂದು ದಿನ ಬೇಡವೋ, ಎಂಟು ವರ್ಷದಿಂದಲೂ ಬೇಡವಾಗಿತ್ತೋ? ಹೇಳಲು ದಾರಿಯಿಲ್ಲದೆ ನುಂಗುತ್ತಿದ್ದಳೋ? ರಸಬಾಳೆಯೇ ಸುಳ್ಳಾದರೆ ನೀರು, ನಿದ್ದೆ ಎಲ್ಲ ಎಷ್ಟು ನಿಜ? ಈ ಮಗು ತನಗೆ ಗೊತ್ತೇ?

“ಅವ್ವನ್‌ಗಿಂತ ಮಿಷನ್ನು ಎಚ್ಚಾಯ್ತಾ? ಬುಡು ಕಣವ್ವ, ಕೆಟ್ಟೋಗಿರದ್ ಕೊಟ್ಟವ್ರೆ,” ಎಂದಳು ಪಕ್ಕದ ಮನೆಯ ಜವರಮ್ಮ. ಆ ಮಾತು ನಾಗರತ್ನಳಿಗೆ ಹಿತವಾಯಿತು. ಟ್ಯಾಬನ್ನು ರಾಗಿ ಡ್ರಮ್ಮಿನೊಳಗೆ ಹೂತಿಟ್ಟಳು. ಮಾಡುವಾಗಲೇ ನಾಚಿಕೆಯೂ ಆಯಿತು, ಆದರೂ ಇಟ್ಟಳು.

ಭಾನುವಾರ ಹಣ್ಣು ಸುಲಿದಳು. ನಯನ ಬಾಯಿ ತೆರೆಯಲಿಲ್ಲ. ಬಲಗೈಯಿಂದ ತಡಕಾಡಿ ಅವ್ವನ ಖಾಲಿ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಂಗೈ ಮೇಲಾಗಿಸಿ, ಅದರ ಬಲಗಡೆ ಕೆಳಮೂಲೆಯನ್ನು ಒತ್ತಿದಳು. ಇನ್ನೊಮ್ಮೆ ಒತ್ತಿದಳು.

ಅಂಗೈಯಲ್ಲಿ ಕೆಂಪು ಕೈಯ ಚಿತ್ರವಿರಲಿಲ್ಲ, ಸದ್ದೂ ಬರಲಿಲ್ಲ. ಮಿಷನ್ನು ಕೆಟ್ಟಿದೆ ಎನ್ನುವಂತಿರಲಿಲ್ಲ. ನಾಗರತ್ನ ಎದ್ದು ರಾಗಿಯೊಳಗಿಂದ ಟ್ಯಾಬ್ ತೆಗೆದು, ಸೆರಗಿನಿಂದ ಧೂಳು ಒರೆಸಿ ಮಗಳ ಮುಂದಿಟ್ಟಳು.

“ಏನ್ ಬೇಕವ್ವ ನಿಂಗೆ?”

ಕೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಹನ್ನೊಂದು ವರ್ಷ ಉತ್ತರ ಹೇಳಿದ್ದಳು. ಈ ಪ್ರಶ್ನೆ ಕೇಳಿದ್ದು ನೆನಪಿರಲಿಲ್ಲ. ನಯನಳ ಬೆರಳು ನೀರನ್ನು ದಾಟಿತು, ಅನ್ನವನ್ನು ದಾಟಿತು, ಮತ್ತೆ ಹಿಂದಕ್ಕೆ ಬಂತು. ಎಲ್ಲಿ ನಿಲ್ಲುತ್ತದೋ ನಾಗರತ್ನಳಿಗೆ ಒಂದೂ ಹೊಳೆಯಲಿಲ್ಲ. ಸುಲಿದ ಹಣ್ಣನ್ನು ಏನು ಮಾಡಬೇಕೆಂದು ತಿಳಿಯದೆ ತಾನೇ ತಿನ್ನುತ್ತ, ಆ ಬೆರಳನ್ನೇ ನೋಡುತ್ತ ಕೂತಳು.